ಪ್ರತಿನಾಯಕನ ಪಕ್ಷ

ಅಧರ್ಮಿಯ ವೇಷವನ್ನು ಧರಿಸಿದವನು ಆ ಪಾತ್ರದ ಪಕ್ಷವನ್ನು ಸರ್ವಶಕ್ತಿಯಿಂದ ಸಮರ್ಥಿಸಬಹುದೇ? ಅದರಿಂದ ಕೇಳುವವರ ಧರ್ಮಬುದ್ಧಿಗೆ ಹಾನಿಯಾಗದೇ? ಯಕ್ಷಗಾನದ ವಿಷಯದಲ್ಲಿ ಇದು ವಿಚಾರಾರ್ಹವಾದ ಪ್ರಶ್ನೆಯು.

ದೀಪಾವಳಿಯ ಆಸುಪಾಸಿನಲ್ಲಿ ಗೆಜ್ಜೆ ಕಟ್ಟಿ ಹೊರಟ ಮೇಳಗಳು ಪತ್ತನಾಜೆಯಂದು ಗೆಜ್ಜೆ ಬಿಚ್ಚುವ ವರೆಗೆ ಊರೂರು ತಿರುಗುವುವು. ಸುಳ್ಯದಿಂದ ಮಡಿಕೇರಿಗೆ ಹೋಗುವ ದಾರಿಯ ಕಲ್ಲುಗುಂಡಿಯಲ್ಲಿ ನಡೆಯುವ ಸಂಪಾಜೆ ಯಕ್ಷೋತ್ಸವದಲ್ಲಿಯಾದರೋ ಬೇರೆಬೇರೆ ಮೇಳಗಳ ಕಲಾವಿದರು ಒಂದೇ ರಂಗಸ್ಥಳದಲ್ಲಿ ಎದುರುಬದುರಾಗುವರು. ನಾಟಕದ ನಟನು ಕವಿಯು ಬರೆದುಕೊಟ್ಟ ಮಾತನ್ನು ಆಡುವನು. ಯಕ್ಷಗಾನದಲ್ಲಿ ಪದ್ಯವು ಮಾತ್ರ ಕವಿಯದು, ಅರ್ಥವು ವೇಷಧಾರಿಯದೇ. ಆದುದರಿಂದ ಮಾತಿನ ಹೊಣೆಯೂ ಅವನದೇ.

ಈ ಸಂಶಯವು ಹೊಸದಲ್ಲ. ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ತಮ್ಮ ಸೋಲನ್ನು ಆಡಿ ತೋರಿಸಿದರೆಂದು ದೈತ್ಯರು ಮುನಿದು ಪ್ರಯೋಗಕ್ಕೆ ವಿಘ್ನವನ್ನು ಒಡ್ಡುತ್ತಾರೆ. ಬ್ರಹ್ಮನು ಅವರನ್ನು ಓಡಿಸದೆ, ನಾಟ್ಯವು ದೇವತೆಗಳೊಬ್ಬರದಲ್ಲ, ಮೂರು ಲೋಕದ ಭಾವಗಳ ಅನುಕೀರ್ತನವೆಂದು ಸಮಾಧಾನ ಹೇಳುತ್ತಾನೆ. ದೈತ್ಯನಿಗೂ ಅಲ್ಲಿ ಸ್ಥಾನವುಂಟೆಂದು ಇದರ ತಾತ್ಪರ್ಯ.

ವಾಲಿವಧೆಯ ಪ್ರಸಂಗವನ್ನೇ ನೋಡಬಹುದು. ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ ಮುಂತಾದ ಪಾತ್ರಗಳ ಅರ್ಥಗಾರಿಕೆಯಿಂದಲೇ ಪ್ರಖ್ಯಾತರಾದರು. ವಾಲಿಯ ಪ್ರಶ್ನೆಯು ಬಲವಾದಷ್ಟೂ ರಾಮನು ಆಳವಾದ ಉತ್ತರವನ್ನು ಹುಡುಕಬೇಕಾಗುವುದು. ಪ್ರಶ್ನೆಯೇ ಪೊಳ್ಳಾದರೆ ಉತ್ತರವೂ ಪೊಳ್ಳು. ಪ್ರತಿವಾದಿಯ ಬಾಯಿ ಕಟ್ಟಿ ಗಳಿಸಿದ ಜಯವು ಧರ್ಮದ ಜಯವೆನಿಸದು.

ಆದರೆ ಜಾಣ ನಾಲಗೆಯು ಅಧರ್ಮವನ್ನೇ ಗೆಲ್ಲಿಸಿಬಿಟ್ಟರೆ? ಅದಕ್ಕೆ ಮದ್ದು ವಾಲಿಯ ಮೌನವಲ್ಲ, ರಾಮನ ವೇಷಧಾರಿಯ ವ್ಯಾಸಂಗ. ವಾಲಿಗೂ ಒಂದು ಎಲ್ಲೆಯುಂಟು. ಅವನು ರಾಮನನ್ನು ಪ್ರಶ್ನಿಸಬೇಕೇ ಹೊರತು ಎದುರಿನ ಕಲಾವಿದನನ್ನು ತಬ್ಬಿಬ್ಬುಗೊಳಿಸಿ ಚಪ್ಪಾಳೆಯನ್ನು ಗಳಿಸಬಾರದು. ಕೊನೆಗೆ ವಾಲಿಯ ಮನಸ್ಸು ಮಾಗಲೇಬೇಕು. ಆ ಮಾಗುವಿಕೆಗೆ ಎಡೆಯಿಲ್ಲದಂತೆ ವಾದಿಸಿದವನು ತನ್ನ ಪಾತ್ರಕ್ಕೇ ದ್ರೋಹ ಬಗೆದಂತಾಯಿತು.

ಇತ್ತೀಚೆಗೆ ಕಾಲಮಿತಿಯ ಆಟಗಳು ಹೆಚ್ಚಿವೆ. ಹೊತ್ತು ಸಾಲದೆಂದು ಕುಣಿತವನ್ನೂ ಯುದ್ಧವನ್ನೂ ಉಳಿಸಿಕೊಂಡು ಸಂವಾದವನ್ನು ಮೊಟಕುಗೊಳಿಸಿದರೆ, ಮೊದಲು ಕತ್ತರಿ ಬೀಳುವುದು ಪ್ರತಿನಾಯಕನ ಮಾತಿಗೆ. ಆಗ ವಾಲಿಯು ಸಾಯುವನು. ಅವನ ಪ್ರಶ್ನೆಯು ಕೇಳಿಸದು. ಎದುರಾಳಿಯ ಮಾತನ್ನು ಪೂರ್ತಿ ಕೇಳಿದ ಮೇಲೆ ತೀರ್ಪು ಕೊಡುವ ಅಭ್ಯಾಸವನ್ನು ಅಕ್ಷರ ಬಾರದವರಿಗೂ ಕಲಿಸಿದ ಶಾಲೆಯು ಈ ರಂಗಸ್ಥಳ. ಆಟವನ್ನು ಮೊಟಕುಗೊಳಿಸುವವರು ಈ ಪಾಠವನ್ನು ಮಾತ್ರ ಮೊಟಕುಗೊಳಿಸಬಾರದು.