ಅರ್ಥವಾಗದೆ ಉಳಿದ ಪಾಠಗಳು

ಬಾಲ್ಯದಲ್ಲಿ ಟಿ.ವಿ. ಕಲಿಸಿದ್ದನ್ನು ಬಹುಪಾಲು ಮರೆತಿದ್ದೇವೆ. ಕಲಿಸುವ ನೆಪದಲ್ಲಿ ಅದು ತೋರಿಸಿದ ವಿಚಿತ್ರಗಳನ್ನು ಮಾತ್ರ ಮರೆತಿಲ್ಲ.

*

ಅರ್ಥವಾದ ಪಾಠ ಅಲ್ಲಿಗೇ ಮುಗಿಯುತ್ತದೆ. ಅರೆಬರೆ ಅರ್ಥವಾದದ್ದು ಒಳಗೇ ಉಳಿದು, ತಲೆ ನರೆತ ಮೇಲೂ ಒಮ್ಮೊಮ್ಮೆ ಎದ್ದು ಕೂರುತ್ತದೆ.

*

ದೂರದರ್ಶನದ ಲಾಂಛನ ತೆರೆಯ ಮೇಲೆ ಮೂಡುತ್ತಿದ್ದ ಬಗೆ ನೆನಪಿದೆಯೇ? ಎರಡು ಬಾಗಿದ ಆಕಾರಗಳು ನಿಧಾನವಾಗಿ ಸುತ್ತುತ್ತ, ತಮ್ಮದೇ ನೆರಳುಗಳನ್ನು ಹಿಂದೆ ಎಳೆದುಕೊಂಡು ಬಂದು, ಕೊನೆಗೆ ಒಂದು ಕಣ್ಣಾಗಿ ನಿಲ್ಲುತ್ತಿದ್ದವು. ಅದನ್ನು ಬರೆದವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದುತ್ತಿದ್ದ ದೇವಾಶಿಸ್ ಭಟ್ಟಾಚಾರ್ಯ. ಎಷ್ಟೋ ಮಕ್ಕಳಿಗೆ ಆ ಕಣ್ಣು ಕಂಡರೆ ಭಯ. ಆದರೂ ಅದು ಪೂರ್ತಿ ತೆರೆದುಕೊಳ್ಳುವ ತನಕ ಯಾರೂ ಕದಲುತ್ತಿರಲಿಲ್ಲ.

*

ಮಕ್ಕಳು ಹೆದರಿದ್ದೆಲ್ಲ ಕೆಟ್ಟದ್ದಲ್ಲ. ಅಜ್ಜಿಯ ಕತೆಗಳಲ್ಲಿ ರಾಕ್ಷಸರಿರಲಿಲ್ಲವೇ?

*

‘ಏಕ್ ಅನೇಕ್ ಔರ್ ಏಕತಾ’ 1974ರದು. ಫಿಲ್ಮ್ಸ್ ಡಿವಿಷನ್ ತೆಗೆದ, ಏಳು ನಿಮಿಷದಷ್ಟು ಉದ್ದದ ಚಿತ್ರ. ನಿರ್ದೇಶನ ವಿಜಯಾ ಮುಳೆ ಅವರದು, ಗೊಂಬೆಗಳಿಗೆ ಜೀವ ಕೊಟ್ಟವರು ಭೀಮಸೇನ್, ಸಂಗೀತ ವಸಂತ ದೇಸಾಯಿ. ಅಕ್ಕ ತಮ್ಮನಿಗೆ ಒಂದು ಎಂದರೇನು, ಹಲವು ಎಂದರೇನು ಎಂದು ಹೇಳಿಕೊಡುತ್ತಾಳೆ. ಕಾಳು ಹೆಕ್ಕಲು ಇಳಿದ ಹಕ್ಕಿಗಳು ಬೇಡನ ಬಲೆಗೆ ಬೀಳುತ್ತವೆ, ಬಲೆಯ ಸಮೇತ ಹಾರುತ್ತವೆ, ಇಲಿಗಳು ಬಲೆ ಕಡಿಯುತ್ತವೆ. ಪಂಚತಂತ್ರ ಗೊತ್ತಿದ್ದವರಿಗೆ ಕತೆ ಹೊಸದಲ್ಲ. ಹೊಸದಾಗಿದ್ದದ್ದು ಆ ಬಲೆ ನೆಲ ಬಿಟ್ಟು ಏಳುವ ಗಳಿಗೆ. ಅಷ್ಟು ಹೊತ್ತು ಚೆಲ್ಲಾಪಿಲ್ಲಿಯಾಗಿ ಒದ್ದಾಡುತ್ತಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಒಂದೇ ದೊಡ್ಡ ಪ್ರಾಣಿಯ ಹಾಗೆ ಕಾಣುತ್ತಿದ್ದವು. ಹಿಂದಿಯ ಗಂಧವೇ ಇಲ್ಲದ ಕನ್ನಡದ ಮಕ್ಕಳಿಗೂ ಅಲ್ಲಿ ಮೈ ಜುಮ್ಮೆನ್ನುತ್ತಿತ್ತು. ಏಕತೆಯ ಬಗ್ಗೆ ಆಮೇಲೆ ಕೇಳಿದ ಭಾಷಣಗಳಿಗೆ ಲೆಕ್ಕವಿಲ್ಲ; ಯಾವುದೂ ಹಾಗೆ ನೆಲ ಬಿಟ್ಟು ಎದ್ದಿಲ್ಲ.

*

ಭಾಷೆ ಬಾರದ ಮಗು ಚಿತ್ರವನ್ನು ಹೆಚ್ಚು ಗಮನವಿಟ್ಟು ನೋಡುತ್ತದೆ. ಮಾತು ತಿಳಿಯದ ಕಡೆಯಲ್ಲೆಲ್ಲ ತನ್ನದೇ ಕತೆ ತುಂಬಿಕೊಳ್ಳುತ್ತದೆ. ದೆಹಲಿಯವರು ಮಾಡಿದ ಕಾರ್ಯಕ್ರಮವನ್ನು ಮಂಡ್ಯದ ಮಗು ಅರ್ಧದಷ್ಟು ತಾನೇ ಬರೆದಿದೆ.

*

ಕಡಿಮೆ ದುಡ್ಡು, ಕಡಿಮೆ ಬಣ್ಣ, ಕತ್ತರಿಸಿ ಅಂಟಿಸಿದ ಕಾಗದದ ಗೊಂಬೆ. ಇಲ್ಲದ್ದನ್ನು ಮುಚ್ಚಿಕೊಳ್ಳಲು ಆ ಕಾಲದ ಕಲಾವಿದರು ಹೋಗಲಿಲ್ಲ. ಗೊಂಬೆಯ ನಡಿಗೆ ತಡವರಿಸಿದರೆ ತಡವರಿಸಲಿ ಎಂದು ಬಿಟ್ಟರು. ಆ ತಡವರಿಕೆಯೇ ಈಗ ಕಣ್ಣಿಗೆ ಕಟ್ಟಿದಂತಿದೆ.

*

ವಿಜ್ಞಾನಿ ಯಶ್‌ಪಾಲ್ ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ನಲ್ಲಿ ಉತ್ತರಿಸುತ್ತಿದ್ದದ್ದು ವೀಕ್ಷಕರು ಬರೆದು ಕಳಿಸಿದ ಪ್ರಶ್ನೆಗಳಿಗೆ. ಅದೇ ಕಾರ್ಯಕ್ರಮದ ನಿರೂಪಕರಾಗಿದ್ದವರು ನಮ್ಮ ಗಿರೀಶ ಕಾರ್ನಾಡ. ತುಘಲಕನನ್ನು ಬರೆದ ಕೈ ಮಕ್ಕಳ ಮುಂದೆ ಬ್ರಹ್ಮಾಂಡವನ್ನು ತೆರೆದಿಡುತ್ತಿತ್ತು. ಮಕ್ಕಳ ಮುಂದೆ ನಿಲ್ಲುವುದನ್ನು ದೊಡ್ಡವರು ದೊಡ್ಡ ಕೆಲಸವೆಂದೇ ತಿಳಿದ ಕಾಲ ಅದು. ಶಾಲೆಯ ಹೊರೆ ಇಳಿಸಿ ಎಂದು 1993ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಇದೇ ಯಶ್‌ಪಾಲ್. ಪ್ರಶ್ನೆಗೆ ಕಿವಿಗೊಟ್ಟವರಿಗೇ ಚೀಲದ ಭಾರ ತಿಳಿಯುವುದು.

*

ಅಮೆರಿಕದ ‘ಸೆಸಮಿ ಸ್ಟ್ರೀಟ್’ 1969ರಲ್ಲಿ ಶುರುವಾದದ್ದು ಒಂದು ಸರಳ ಗಮನಿಕೆಯಿಂದ: ಮಕ್ಕಳು ಜಾಹೀರಾತಿನ ಹಾಡುಗಳನ್ನು ಪಟಪಟನೆ ಬಾಯಿಪಾಠ ಮಾಡುತ್ತಾರೆ, ಹಾಗಾದರೆ ಅಕ್ಷರವನ್ನೂ ಅಂಕಿಯನ್ನೂ ಜಾಹೀರಾತಿನ ಹಾಗೆಯೇ ಕೊಡೋಣ. ಪರೀಕ್ಷೆ ಮಾಡಿದ ರೀತಿಯೂ ಚೆನ್ನ. ಟಿ.ವಿ.ಯ ಪಕ್ಕದಲ್ಲೇ ಇನ್ನೊಂದು ಪರದೆ ಇಟ್ಟು, ಏಳೂವರೆ ಸೆಕೆಂಡಿಗೊಮ್ಮೆ ಸ್ಲೈಡ್ ಬದಲಿಸಿ, ಮಗುವಿನ ಕಣ್ಣು ಯಾವಾಗ ಆ ಕಡೆ ಜಾರಿತು ಎಂದು ಬರೆದುಕೊಳ್ಳುತ್ತಿದ್ದರು. ಮಗುವಿನ ಕಣ್ಣನ್ನೇ ತೀರ್ಪುಗಾರನನ್ನಾಗಿ ಮಾಡಿದ್ದಕ್ಕೇ ಅಲ್ಲಿ ವಿಚಿತ್ರಕ್ಕೂ ಜಾಗ ಸಿಕ್ಕಿತು. ದೊಡ್ಡವರ ಸಮಿತಿಯೊಂದೇ ಕೂತಿದ್ದರೆ, ವೃತ್ತ ಷಡ್ಭುಜಗಳ ಕುಣಿತಕ್ಕೆ ಫಿಲಿಪ್ ಗ್ಲಾಸ್ ಅಂಥ ಸಂಗೀತಗಾರನನ್ನು ಕರೆಯುತ್ತಿತ್ತೇ?

*

‘ಸೆಸಮಿ ಸ್ಟ್ರೀಟ್’ನದೇ ಇನ್ನೊಂದು ತುಣುಕಿನ ಕತೆ, ಬಾಲ್ಯದಲ್ಲಿ ಕಂಡದ್ದನ್ನು ಮತ್ತೆ ಕಾಣುವ ಹಂಬಲದ ಆಳವನ್ನು ತೋರಿಸುತ್ತದೆ. ಅದರ ಹೆಸರು ‘ಕ್ರ್ಯಾಕ್ಸ್’. ಒಬ್ಬಳು ಹುಡುಗಿ ಗೋಡೆಯ ಗಾರೆಯಲ್ಲಿ ಬಿಟ್ಟ ಬಿರುಕುಗಳನ್ನು ನೋಡುತ್ತಾಳೆ. ಬಿರುಕು ಒಂಟೆಯಾಗುತ್ತದೆ, ಕೋಳಿಯಾಗುತ್ತದೆ, ಕೋತಿಯಾಗುತ್ತದೆ. ಆಮೇಲೆ ಬಿರುಕುಗಳ ಯಜಮಾನ ಬರುತ್ತಾನೆ. ಅವನು ಕ್ರೂರಿ, ಕೊನೆಗೆ ತಾನೇ ಉದುರಿಹೋಗುತ್ತಾನೆ. 1970ರ ದಶಕದ ನಡುವೆ ಬಂದ ಎರಡು ನಿಮಿಷದಷ್ಟರ ಆ ಚಿತ್ರ ಮುಂದೆ ತೆರೆಯಿಂದ ಮಾಯವಾಯಿತು. ನೋಡಿದ್ದ ಮಕ್ಕಳು ಬೆಳೆದು ದೊಡ್ಡವರಾಗಿ, ಅದು ನಿಜವಾಗಿ ಇತ್ತೇ, ಜ್ವರದಲ್ಲಿ ಕಂಡ ಕನಸೇ ಎಂದು ಒಬ್ಬರನ್ನೊಬ್ಬರು ಕೇಳುತ್ತ ವರ್ಷಗಟ್ಟಲೆ ಹುಡುಕಿದರು. 2013ರಲ್ಲಿ ಅದು ಎಲ್ಲರ ಕೈಗೆ ಸಿಕ್ಕಿತು. ಹುಡುಕಿದವರಿಗೆ ಚಿತ್ರಕ್ಕಿಂತ ಹೆಚ್ಚಾಗಿ ಬೇಕಿದ್ದದ್ದು ಒಂದು ಸಾಕ್ಷಿ: ಅಷ್ಟು ಚಿಕ್ಕವರಿದ್ದಾಗ ನಾವು ಕಂಡದ್ದು ಸುಳ್ಳಲ್ಲ ಎಂದು.

*

ಗೋಡೆಯ ಬಿರುಕಿನಲ್ಲಿ ಒಂಟೆ ಕಂಡ ಮಕ್ಕಳು ಯಾವ ದೇಶದಲ್ಲಿಲ್ಲ? ಮಳೆಗಾಲದಲ್ಲಿ ಒದ್ದೆಯಾದ ಸುಣ್ಣದ ಗೋಡೆ ಮಲೆನಾಡಿನ ಎಷ್ಟು ಮಕ್ಕಳಿಗೆ ತೆರೆಯಾಗಿರಲಿಕ್ಕಿಲ್ಲ!

*

ಆ ಕಾಲದಲ್ಲಿ ಬೇಕೆಂದಾಗ ಮತ್ತೆ ನೋಡಲು ಆಗುತ್ತಿರಲಿಲ್ಲ. ಒಮ್ಮೆ ಬಂದದ್ದು ಮತ್ತೆ ಯಾವಾಗ ಬರುತ್ತದೋ ತಿಳಿಯದೆ, ಮಗು ಇಡೀ ಮೈಯನ್ನು ಕಣ್ಣು ಮಾಡಿಕೊಂಡು ಕೂತಿರುತ್ತಿತ್ತು. ನೂರು ಸಲ ಹಾಕಿಸಿಕೊಂಡು ನೋಡುವ ಇಂದಿನ ಮಗುವಿನ ಸುಖ ಬೇರೆ. ಅದನ್ನು ಕಡಿಮೆಯೆನ್ನುವುದು ಸರಿಯಲ್ಲ. ಆದರೆ ಕಾದು ನೋಡಿದ್ದಕ್ಕೆ ಇದ್ದ ತೂಕ ಅದಕ್ಕಿಲ್ಲ.

*

ಈಗಿನ ಮಕ್ಕಳ ವೀಡಿಯೋಗಳಲ್ಲಿ ಎಲ್ಲವೂ ನಗುತ್ತದೆ: ಬಸ್ಸು, ಬಾಳೆಹಣ್ಣು, ಹಲ್ಲುಜ್ಜುವ ಬ್ರಷ್ಷು. ನಗದೆ ಇರುವ ಮುಖವನ್ನೂ ಮಗುವಿಗೆ ತೋರಿಸಬೇಕು.

*

1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ತಂದ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠ ತಂದಿತು. ಆ ಪ್ರಯೋಗದ ಹೆಸರು ಸೈಟ್. ನಮ್ಮಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿಗೆ ಹಾಕುವ ತಂತಿಜಾಲರಿಯಿಂದ ಮಾಡಿದ ಹತ್ತು ಅಡಿಯ ಆಂಟೆನಾ ಆಕಾಶಕ್ಕೆ ಬಾಯಿ ತೆರೆದು ನಿಂತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆಲ್ಲ, ಬಹುಪಾಲು ಕನ್ನಡದಲ್ಲೇ. ಬೆಂಗಳೂರಿನ ಮಕ್ಕಳು ತಮ್ಮೂರ ಕೇಂದ್ರದ ಕಾರ್ಯಕ್ರಮ ನೋಡುವ ಮೊದಲೇ ಆ ಹಳ್ಳಿಗಳ ಮಕ್ಕಳು ಟಿ.ವಿ.ಯ ಮುಂದೆ ಕೂತಿದ್ದರು. ವರ್ಷ ಮುಗಿಯಿತು, ಉಪಗ್ರಹವನ್ನು ವಾಪಸು ಕರೆಸಿಕೊಂಡರು. 1977ರಲ್ಲಿ ಗುಲಬರ್ಗಾಕ್ಕೆ ಪ್ರಸಾರ ಕೇಂದ್ರ ಬಂತು.

ಆ ಪ್ರಯೋಗದ ಬಗ್ಗೆ ವರದಿಗಳಿವೆ, ಅಂಕಿಅಂಶಗಳಿವೆ. ಅಲ್ಲಿ ಚಾಪೆಯ ಮೇಲೆ ಕೂತು ನೋಡಿದವರಿಗೆ ಈಗ ಅರವತ್ತರ ಆಸುಪಾಸು. ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ಒಂದು ಧ್ವನಿಮುದ್ರಣ ಯಂತ್ರ ಹಿಡಿದು ಆ ಊರುಗಳಿಗೆ ಈ ಬೇಸಿಗೆಯಲ್ಲೇ ಹೋಗಬೇಕು. ಏನು ಕಲಿತಿರಿ ಎಂದು ಕೇಳುವುದು ಬೇಡ. ಏನು ಕಂಡಿರಿ, ಯಾವುದು ಹೆದರಿಸಿತು, ಯಾವುದು ಇವತ್ತಿಗೂ ಬಗೆಹರಿದಿಲ್ಲ ಎಂದು ಕೇಳಲಿ.