ಊರೋ, ಕಲ್ಲೋ?

(ವಾಡಿ ಜಂಕ್ಷನ್, ನಸುಕಿನ ಹೊತ್ತು. ಪುಣೆ ಕಡೆಯ ಗಾಡಿ ತಡ. ಕಲ್ಲಿನ ಬೆಂಚಿನ ಮೇಲೆ ನಿವೃತ್ತ ಕನ್ನಡ ಮಾಸ್ತರರು ಮತ್ತು ಅವರ ಅಕ್ಕನ ಮಗಳು. ಆಕೆಗೆ ಪುಣೆಯಲ್ಲಿ ಕಟ್ಟಡಗಳ ಟೆಂಡರ್ ಬರೆಯುವ ಕೆಲಸ.)

ಸೊಸೆ: ಮಾಮಾ, ನಮ್ಮ ಆಫೀಸಿನಾಗ ಒಂದು ಎಸ್ಸಿನ ಜಗಳ ನಡದದ. ಶಹಾಬಾದ್ ಕಲ್ಲು ಅಂತ ಇಂಗ್ಲಿಷಿನಾಗ ಬರಿವಾಗ ನಾ ಸಣ್ಣ ಎಸ್ ಹಾಕಿದ್ದೆ. ಹಿರಿಯರೊಬ್ಬರು ದೊಡ್ಡದು ಮಾಡಿ ವಾಪಸ್ ಕಳಿಸ್ಯಾರ.

ಮಾಸ್ತರ: ಊರ ಹೆಸರಲ್ಲೇನು? ದೊಡ್ಡದೇ ಆಗಬೇಕು.

ಸೊಸೆ: ಅದು ಊರು ಅಂತ ಅಲ್ಲಿ ಎಷ್ಟು ಮಂದಿಗಿ ಗೊತ್ತದ? ‘ಶಹಾಬಾದಿ ಫರಶಿ’ ಅಂದ್ರ ಅಂಗಳಕ್ಕ ಹಾಸೋ ಬೂದು ಕಲ್ಲು, ಮುಗೀತು. ಒಬ್ಬರಂತೂ ‘ಶಹಾಬಾದ್ ಹರಿಯಾಣದಾಗ ಇಲ್ಲೇನು?’ ಅಂದ್ರು. ಅಲ್ಲೂ ಒಂದದ, ಅದು ಖರೇನೇ.

ಮಾಸ್ತರ: ನಮಗ ಈ ಫಜೀತಿನೇ ಇಲ್ಲ ನೋಡು. ಕನ್ನಡ ಅಕ್ಷರಕ್ಕ ದೊಡ್ಡದು ಸಣ್ಣದು ಇಲ್ಲ.

ಸೊಸೆ: ಅಕ್ಷರ ಇಲ್ಲ ಅಂದ್ರ ಪ್ರಶ್ನೆನೂ ಇಲ್ಲೇನ್ರಿ? ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಅಂತ ಬಾಯಿಪಾಠ ಮಾಡಿಸಿದವರು ನೀವೇ. ಇದು ಯಾವುದು, ಹೇಳ್ರಿ.

ಮಾಸ್ತರ: (ನಕ್ಕು) ಹುಟ್ಟಿದ್ದು ಅನ್ವರ್ಥ. ಫಾರಸಿಯೊಳಗ ಶಹಾ ಅಂದ್ರ ಅರಸ, ಆಬಾದ್ ಅಂದ್ರ ಜನವಸತಿ. ಅರಸ ಹೋದ, ಅಂಕಿತ ಉಳೀತು. ಈಗ ನೀ ಅದನ್ನ ರೂಢ ಮಾಡ್ಲಾಕ ಹೊಂಟೀದಿ.

ಸೊಸೆ: ನಾನಲ್ಲ, ಪ್ಯಾಟಿ ಮಾಡ್ಯದ. ಅವ್ವ ಅಂಗಡಿಗಿ ಹೋಗಿ ‘ಎರಡು ಕಿಲೋ ಬ್ಯಾಡಗಿ ಕೊಡ್ರಿ’ ಅಂತಾಳ. ಹಾವೇರಿ ಜಿಲ್ಲಾದ ಊರು ತೂಗಿ ಕೊಡು ಅಂತೇನು?

ಮಾಸ್ತರ: ಆದ್ರ ನಿಮ್ಮವ್ವನ ಬಾಯಾಗ ಆ ಊರು ಇನ್ನಾ ಜೀವ ಹಿಡದದ. ಇಂಗ್ಲಿಷಿನವರ ‘ಕ್ಯಾಲಿಕೊ’ ನೋಡು, ಕಲ್ಲಿಕೋಟೆಯ ಬಟ್ಟೆ. ಲಂಡನ್ನಿನಾಗ ಅದರ ಅಂಗಿ ತೊಟ್ಟವ ಕಲ್ಲಿಕೋಟೆ ಯಾ ದಿಕ್ಕಿಗದ ಅಂತ ಕೇಳ್ಯಾನೇನು? ಸಣ್ಣಕ್ಷರ ಬಂತು, ಊರು ಹೋತು.

ಸೊಸೆ: ಇರಲಿ. ಅಜ್ಜ ಕಲ್ಲು ಒಡೀತಿದ್ದದ್ದು ಎಲ್ಲಿ?

ಮಾಸ್ತರ: ಚಿತ್ತಾಪುರದ ಕಡಿ. ಸಂದಿಗಿ ಹಾರಿ ಹಾಕಿ ಮೀಟಿದ್ರ ಉಬ್ಬಿದ ರೊಟ್ಟಿ ಎರಡು ಪದರ ಆದಂಗ ಕಲ್ಲು ಬಿಡ್ತಿತ್ತು. ಕೆಳಗಿನ ಪದರ ತಣ್ಣಗ, ಹಸೀ ಇರ್ತಿತ್ತು. ಅಪ್ಪ ಬೆರಳಿನ ಗಿಣ್ಣಿಲೆ ಬಡದು ನೋಡತಿದ್ದ. ಖಣ್ ಅಂದ್ರ ಮಾಲು, ಬದ್ ಅಂದ್ರ ಒಳಗ ಬಿರುಕು.

ಸೊಸೆ: ಬಿಲ್ಲಿನಾಗ ಏನಂತ ಬರೀತಿದ್ರು?

ಮಾಸ್ತರ: ...ಶಹಾಬಾದ್ ಕಲ್ಲು.

ಸೊಸೆ: ಹಂಗಾದ್ರ ಸುಳ್ಳು ಹೇಳೋದು ದೊಡ್ಡ ಎಸ್ಸೇ. ಸಣ್ಣದು ‘ಇಂಥಾ ಕಲ್ಲು’ ಅಂತ ಅಷ್ಟೇ ಹೇಳ್ತದ. ಚಿತ್ತಾಪುರದ್ದೂ ಅದರಾಗ ಹಿಡೀತದ, ಸೇಡಂದ್ದೂ ಹಿಡೀತದ.

ಮಾಸ್ತರ: (ಫ್ಯಾಕ್ಟರಿ ದೀಪಗಳ ಕಡೆ ನೋಡುತ್ತ) ಅಲ್ಲಿ ನೋಡು. ಸುಣ್ಣಕಲ್ಲು ಪುಡಿ ಮಾಡಿ, ಸುಟ್ಟು, ಸಿಮೆಂಟ್ ಮಾಡ್ತಾರ. ಚೀಲದ ಮ್ಯಾಲ ದೊಡ್ಡಕ್ಷರದಾಗ ಕಂಪನಿ ಹೆಸರು. ಪದರ ಬಿಟ್ಟ ಕಲ್ಲಿಗಿ ಮಾತ್ರ ಇನ್ನಾ ಊರ ಹೆಸರದ. ಅದಕ್ಕ ನನಗ ಆ ದೊಡ್ಡ ಎಸ್ಸಿನ ಆಸೆ.

ಸೊಸೆ: ಆಸೆ ಇಟ್ಕೊಂಡು ವ್ಯಾಕರಣ ಬರೀಲಾಕ ಬರ್ತದೇನ್ರಿ?

ಮಾಸ್ತರ: ಸೇಡಂ ತಾಲೂಕಿನ ಮಳಖೇಡ ತಗೋ. ಕಾಗಿಣಾ ದಂಡಿಮ್ಯಾಲಿನ ಆ ಊರು ರಾಷ್ಟ್ರಕೂಟರ ಕಾಲಕ್ಕ ಮಾನ್ಯಖೇಟ. 10ನೇ ಶತಮಾನದ ಅರಬ ಅಲ್ ಮಸೂದಿ ಅದನ್ನ ‘ಮಾನ್‌ಕೀರ್’ ಅಂದ. ಅರಬರ ನಾಲಿಗ್ಯಾಗ ವಲ್ಲಭರಾಜ ‘ಬಲ್ಹರಾ’ ಆದ. ಹೆಸರು ಮುರೀತು, ಆದ್ರ ಅವರು ಮಾತಾಡಿದ್ದು ಈ ಊರಿಂದೇ, ಈ ಅರಸಂದೇ. ನಿನ್ನ ಟೆಂಡರಿನಾಗ ಹೆಸರು ಸಾಬೂತ ಅದ, ಊರಿಲ್ಲ.

ಸೊಸೆ: ಅರಬ್ಬಿಯೊಳಗೂ ದೊಡ್ಡಕ್ಷರ ಇಲ್ಲ, ಮಾಮಾ.

ಮಾಸ್ತರ: ಅದೂ ಖರೆ ಬಿಡು. ಏಳು, ಗಾಡಿ ಬಂತು.

ಸೊಸೆ: (ಬಾಗಿಲಲ್ಲಿ ನಿಂತು) ನಾವು ಪೂರಾ ಬರಿಯೋದು ಹೆಂಗ ಗೊತ್ತೇನ್ರಿ? ‘ಶಹಾಬಾದ್ ಅಥವಾ ತತ್ಸಮಾನ.’

ಮಾಸ್ತರ: ತತ್ಸಮಾನ! (ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆದು) ಏ ಯವ್ವಾ, ನಿಮ್ಮಜ್ಜನ ಕಲ್ಲು ಯಾವುದರಾಗ ಬಂತು ಮತ್ತ? ಶಹಾಬಾದಿನಾಗೋ, ತತ್ಸಮಾನದಾಗೋ?