ಹುಲ್ಲಿನ ಹಿಂದೆ ಹೊರಟವರ ಊರು

ಅಲೆಮಾರಿಗೆ ಊರಿಲ್ಲ, ಬೇಲಿಯಿಲ್ಲ, ಆದ್ದರಿಂದಲೇ ಅವನು ನಮಗಿಂತ ಸ್ವತಂತ್ರ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಸಿಟ್ಟು ಬರುತ್ತದೆ. ಮಂಗೋಲಿಯಾಕ್ಕೆ ಹೋಗಿ ಬಂದವರ ಬರಹಗಳಲ್ಲಿ ಈ ಮಾತು ತಪ್ಪುವುದೇ ಇಲ್ಲ. ಉಲಾನ್‌ಬಾತರ್ ದಾಟಿ, ಟಾರು ರಸ್ತೆ ಮುಗಿದು, ಹುಲ್ಲಿನ ಮೇಲೆ ಹತ್ತಾರು ಗಾಲಿಗುರುತುಗಳು ದಿಕ್ಕಿಗೊಂದರಂತೆ ಹರಡಿಕೊಂಡಾಗ ಪ್ರಯಾಣಿಕನ ಎದೆ ಹಗುರಾಗುತ್ತದೆ. ನನಗೂ ಆಗಿದೆ. ಆದರೆ ಆ ಹಗುರವನ್ನು ಅವನು ದೂರದಲ್ಲಿ ಕಾಣುವ ದುಂಡನೆಯ ಬಿಳಿ ಡೇರೆಮನೆ ‘ಗೆರ್’ ಒಳಗೆ ಕೂತು ಹಾಲು ಕಾಯಿಸುತ್ತಿರುವವರ ಬದುಕು ಎಂದುಕೊಂಡುಬಿಡುತ್ತಾನೆ. ತನಗಾದದ್ದನ್ನು ಅವರದ್ದೆಂದು ಬರೆಯುತ್ತಾನೆ. ಈ ತರ್ಕ ಎಲ್ಲಿ ಮುರಿಯುತ್ತದೆ ಎಂದು ತೋರಿಸುವುದು ನನ್ನ ಉದ್ದೇಶ.

ಕೆಲವನ್ನು ಮೊದಲೇ ಬದಿಗಿಡುತ್ತೇನೆ. ಮರುಭೂಮಿಯ ಗಟ್ಟಿಜನ ಬಂದು ನಗರವನ್ನು ಗೆಲ್ಲುತ್ತಾರೆ, ಕೆಲವೇ ತಲೆಮಾರಿನಲ್ಲಿ ನಗರ ಅವರನ್ನು ಮೆತ್ತಗಾಗಿಸುತ್ತದೆ ಎಂಬ ಇಬ್ನ್ ಖಲ್ದೂನನ ಚಕ್ರ ರಾಜವಂಶಗಳ ವಿಚಾರ; ಕುರಿಗಳ ವಿಚಾರ ಅದರಲ್ಲಿ ಕಡಿಮೆ. ಫ್ರೆಂಚ್ ಚಿಂತಕರಾದ ದೆಲೂಜ್ ಮತ್ತು ಗುವಾತರಿ 1980ರಲ್ಲಿ ಇತಿಹಾಸಕಾರ ಟಾಯ್ನ್‌ಬಿಯನ್ನು ಹಿಡಿದು, ಅಲೆಮಾರಿ ಎಂದರೆ ನಿಜಕ್ಕೂ ಕದಲದವನು ಎಂದರು. ನಾನು ಹೇಳಹೊರಟದ್ದಕ್ಕೆ ಅದು ಹತ್ತಿರವೇ, ಆದರೂ ಅವರ ಅಲೆಮಾರಿಯ ಬಳಿ ಒಂದು ಮೇಕೆಯೂ ಇಲ್ಲವಾದ್ದರಿಂದ ನನಗೆ ಉಪಯೋಗವಿಲ್ಲ. ಇನ್ನು ನಮ್ಮಲ್ಲಿ ಈ ಚರ್ಚೆ ಶುರುವಾದೊಡನೆ ಯಾರಾದರೊಬ್ಬರು ಸ್ಥಾವರ, ಜಂಗಮ ಎನ್ನುತ್ತಾರೆ. ಅದು ದೇಗುಲ ಮತ್ತು ದೇಹದ ಕುರಿತ ಶರಣರ ದೊಡ್ಡ ಚಿಂತನೆ. ದನ ಮೇಯಿಸುವವರ ಬದುಕಿನ ಮೇಲೆ ಅದನ್ನು ಹೊದಿಸುವುದು ಎರಡಕ್ಕೂ ಮಾಡುವ ಅನ್ಯಾಯ.

ಇಂಗ್ಲಿಷ್ ಲೇಖಕ ಬ್ರೂಸ್ ಚಾಟ್ವಿನ್ ಬೇರೆ. ಅವನೊಡನೆ ಜಗಳವಾಡಲೇಬೇಕು ಅನಿಸುತ್ತದೆ, ಏಕೆಂದರೆ ಅವನು ಈ ಪ್ರಶ್ನೆಗೆ ತನ್ನ ಬದುಕಿನ ದೊಡ್ಡ ಪಾಲನ್ನೇ ಕೊಟ್ಟ. ಸೋದ್‌ಬಿಸ್ ಹರಾಜು ಸಂಸ್ಥೆಯ ಒಳ್ಳೆಯ ಹುದ್ದೆ ಬಿಟ್ಟು 1966ರಲ್ಲಿ ಎಡಿನ್‌ಬರೋದಲ್ಲಿ ಪುರಾತತ್ವ ಓದಲು ಸೇರಿ, ಪದವಿ ಮುಗಿಸದೆ ಹೊರಬಂದ. ಅಲೆಮಾರಿಗಳ ಬಗ್ಗೆ ವರ್ಷಗಟ್ಟಲೆ ಬರೆದ ಹಸ್ತಪ್ರತಿ ಪುಸ್ತಕವಾಗಲಿಲ್ಲ. ಆ ಕಾಲದ ಟಿಪ್ಪಣಿಗಳ ಒಂದು ಪಾಲು 1987ರ ‘ದ ಸಾಂಗ್‌ಲೈನ್ಸ್’ ನಡುವೆ ಬಂದು ಸೇರಿತು. ಎರಡು ವರ್ಷದೊಳಗೆ, ಐವತ್ತು ತುಂಬುವ ಮೊದಲೇ, ತೀರಿಕೊಂಡ. ಅವನ ವಾದ ಸ್ಥೂಲವಾಗಿ ಹೀಗೆ: ಆಫ್ರಿಕಾದ ಒಣ ಹುಲ್ಲುಗಾವಲಿನಲ್ಲಿ ನಡೆದೂ ನಡೆದೂ ಮನುಷ್ಯ ಮನುಷ್ಯನಾದ. ನಡಿಗೆ ಅವನ ಮೈಯಲ್ಲೇ ಇದೆ. ನೆಲೆನಿಂತ ಮೇಲೆ ಕೂಡಿಡುವ ಆಸೆ, ಮೇಲುಕೀಳು, ಹಿಂಸೆ ಬೆಳೆದವು. ಮಗು ರಚ್ಚೆ ಹಿಡಿದಾಗ ತಾಯಿ ನಡೆಯುವ ಲಯದಲ್ಲಿ ತೂಗಿದರೆ ಸುಮ್ಮನಾಗುವುದೇ ಇದಕ್ಕೆ ಸಾಕ್ಷಿ.

ಈ ವಾದದ ಎದುರು ನಾನು ಕಂಡದ್ದೊಂದನ್ನು ಇಡುತ್ತೇನೆ. ಮಂಗೋಲಿಯಾದ ಅರ್ಖಾಂಗಾಯ್ ಪ್ರಾಂತ್ಯದಲ್ಲಿ ನಾವು ಉಳಿದುಕೊಂಡಿದ್ದ ಮನೆಯವರು ಒಂದು ಮಧ್ಯಾಹ್ನ ತಮ್ಮ ಚಳಿಗಾಲದ ನೆಲೆಯನ್ನು ತೋರಿಸಲು ಕರೆದೊಯ್ದರು. ಆಗ ಬೇಸಿಗೆ, ಅಲ್ಲಿ ಯಾರೂ ಇರಲಿಲ್ಲ. ಉತ್ತರದ ಗಾಳಿ ತಾಕದಂತೆ ಗುಡ್ಡದ ದಕ್ಷಿಣ ಮಗ್ಗುಲಲ್ಲಿ ಮರದ ದೊಡ್ಡಿ. ಒಳಗೆ ಕಾಲಿಟ್ಟರೆ ನೆಲ ಮೆತ್ತಗಿತ್ತು. ವರ್ಷಾನುವರ್ಷ ಕುರಿ, ಮೇಕೆಗಳ ಹಿಕ್ಕೆ ಬಿದ್ದು, ತುಳಿತಕ್ಕೆ ಸಿಕ್ಕಿ, ಒಣಗಿ ಪದರಗಟ್ಟಿದ ಹಾಸು ಅದು. ಹೊರಗೆ ಮೈನಸ್ 40 ಡಿಗ್ರಿಯ ರಾತ್ರಿಗಳಲ್ಲಿ ನೆಲದ ಥಂಡಿ ಮಲಗಿದ ಪ್ರಾಣಿಯ ಹೊಟ್ಟೆಗೆ ಏರದಂತೆ ತಡೆಯುವುದು ಆ ಹಾಸೇ. ಹೊಸ ಜಾಗದಲ್ಲಿ ಅಂಥದ್ದು ಒಂದು ವರ್ಷದಲ್ಲಿ ಸಿದ್ಧವಾಗುವುದಿಲ್ಲ. ಸುತ್ತಲಿನ ಹುಲ್ಲು ಚಳಿಗಾಲಕ್ಕೆ ಮೀಸಲು. ಬೇಸಿಗೆಯಲ್ಲಿ ಅಲ್ಲಿ ಹಿಂಡು ಬಿಟ್ಟರೆ ಜಗಳವಾಗುತ್ತದೆ. ಹುಲ್ಲುಗಾವಲು ಯಾರ ಖಾಸಗಿ ಸ್ವತ್ತೂ ಆಗಕೂಡದು ಎನ್ನುತ್ತದೆ 1992ರ ಸಂವಿಧಾನ. ಆದರೆ ಚಳಿಗಾಲದ ಮತ್ತು ವಸಂತದ ನೆಲೆಗಳ ಜಾಗವನ್ನು ಕುಟುಂಬಗಳು ಕರಾರಿನ ಮೇಲೆ ತಮ್ಮ ವಶದಲ್ಲಿಟ್ಟುಕೊಳ್ಳಲು ಭೂಕಾನೂನಿನಲ್ಲಿ ಅವಕಾಶವಿದೆ. ಆ ಭಾಗದಲ್ಲಿ ಎಷ್ಟೋ ಮನೆಗಳ ವರ್ಷದ ಸುತ್ತು ಹತ್ತಾರು ಕಿಲೋಮೀಟರುಗಳಲ್ಲೇ ಮುಗಿಯುತ್ತದೆ. ಹೆರಿಗೆಯಾದಾಗ ಮಾಸು ಹೂತ ಜಾಗವನ್ನು ಅವರು ‘ತೋಂತೋ’ ಎನ್ನುತ್ತಾರೆ, ಹಣ್ಣು ಮುದುಕರೂ ಅದನ್ನು ಬೆರಳು ಮಾಡಿ ತೋರಿಸಬಲ್ಲರು. ಇವರಿಗೆ ಊರಿಲ್ಲ ಎನ್ನುವುದಾದರೆ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸುತ್ತ ಹೋಗುವ ನನ್ನಂಥವರಿಗೆ ಇರುವುದೇನು?

ನಮ್ಮ ಅಜ್ಜನ ಹೊಲಕ್ಕೆ ಸುಗ್ಗಿ ಮುಗಿದ ಮೇಲೆ ಬೆಳಗಾವಿ ಕಡೆಯ ಕುರುಬರು ಹಿಂಡು ಹೊಡೆದುಕೊಂಡು ಬರುತ್ತಿದ್ದರು. ಗೊಬ್ಬರಕ್ಕಾಗಿ ರಾತ್ರಿಯಿಡೀ ಕುರಿ ತರುಬಿಸುವುದು, ಅದಕ್ಕೆ ಜೋಳ ಅಳೆದು ಕೊಡುವುದು ವಾಡಿಕೆ. ಬರುತ್ತಿದ್ದವರು ಪ್ರತಿ ವರ್ಷವೂ ಅದೇ ಮನೆತನದವರು. ಅಜ್ಜ ಅವರನ್ನು ಮಾವ, ಅಳಿಯ ಎಂದೇ ಮಾತಾಡಿಸುತ್ತಿದ್ದರು. ಒಂದು ವರ್ಷ ಬರುವುದು ತಡವಾದಾಗ ಬೀಗರ ದಾರಿ ಕಾಯುವಂತೆ ಕಾದಿದ್ದರು. ಅಲ್ಲಿಯೂ ಇಲ್ಲಿಯೂ ಹೊರಡುವುದು ಮತ್ತೆ ಬರುವುದಕ್ಕಾಗಿ.

ಚಾಟ್ವಿನ್‌ಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಪಶುಪಾಲಕರು ಗೊತ್ತುಗುರಿಯಿಲ್ಲದೆ ತಿರುಗುವವರಲ್ಲ, ಅವರಿಗೆ ಕಾಲಕಾಲದ ದಾರಿಯಿದೆ ಎಂಬುದನ್ನು ಅವನೂ ಬರೆದಿದ್ದಾನೆ. ಅವನ ‘ದ ಸಾಂಗ್‌ಲೈನ್ಸ್’ ಎಂಬ ಆಸ್ಟ್ರೇಲಿಯಾದ ಪುಸ್ತಕದ ಜೀವಾಳವೇ ಹಾಡಿನಿಂದ ಗುರುತಿಸಿದ ದಾರಿಗಳು, ಯಾವ ತುಣುಕು ಯಾರದು ಎಂಬ ಖಚಿತವಾದ ಹಕ್ಕು. ಇಷ್ಟು ತಿಳಿದವನು ಮುಂದಿನ ಪುಟಕ್ಕೆ ಹೋಗುವಾಗ ಬೇರೆಯೇ ಕಡೆ ಕಾಲಿಡುತ್ತಾನೆ. ಅವರು ಚಲಿಸುತ್ತಾರೆ ಎನ್ನುವಲ್ಲಿಂದ, ಒಂದೆಡೆ ನಿಲ್ಲಲಾಗದ ಚಡಪಡಿಕೆಯೇ ಮನುಷ್ಯನ ಸ್ವಭಾವ ಎನ್ನುವಲ್ಲಿಗೆ ಜಾರುತ್ತಾನೆ. ಕುರಿಗಾರ ಹೊರಡುವುದು ಹುಲ್ಲು ತೀರಿತೆಂದು. ಚಾಟ್ವಿನ್ ಹೊರಡುವುದು ತನ್ನೊಳಗೆ ಏನೋ ತೀರಿತೆಂದು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಅಷ್ಟೇ.

ಇನ್ನೊಂದು ಸಂಗತಿ ಅವನ ಚಿತ್ರದೊಳಗೆ ಹಿಡಿಸುವುದೇ ಇಲ್ಲ. 1950ರ ದಶಕದ ಕೊನೆಯ ಹೊತ್ತಿಗೆ ಮಂಗೋಲಿಯಾದ ಹಿಂಡುಗಳೆಲ್ಲ ಹೆಚ್ಚುಕಡಿಮೆ ‘ನೆಗ್ದೆಲ್’ ಎಂಬ ಸಾಮೂಹಿಕ ಸಂಘಗಳ ಪಾಲಾದವು. ಮನೆ ಸಾಗಿಸಲು ಲಾರಿ, ದೂರದ ಮೇವಿನ ನೆಲದಲ್ಲಿ ಬಾವಿ, ಒಣಹುಲ್ಲು ಎಲ್ಲವನ್ನೂ ಸಂಘ ಒದಗಿಸುತ್ತಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಸಂಘಗಳು ಮುರಿದು ಹಿಂಡುಗಳು ಮನೆಮನೆಗೆ ಹಂಚಿಹೋದಾಗ ಲಾರಿ ಹೋಯಿತು, ಬಾವಿಯ ಪಂಪು ಕೆಟ್ಟು ನಿಂತಿತು. ಎಷ್ಟೋ ಕಡೆ ಜನ ಮೊದಲಿನಷ್ಟು ದೂರ ಹೋಗುವುದನ್ನು ಬಿಟ್ಟರು. ಅಂದರೆ, ಅಪ್ಪಣೆಯ ಕಾಲದಲ್ಲಿ ಅವರು ಹೆಚ್ಚು ಚಲಿಸಿದರು, ಸ್ವಾತಂತ್ರ್ಯದ ಕಾಲದಲ್ಲಿ ಕಡಿಮೆ. ಚಲನೆಗೆ ಸ್ವಭಾವ ಸಾಲದು. ಡೀಸೆಲ್ ಬೇಕು, ನೀರು ಬೇಕು, ಮೇಯಲು ಬಿಡುವ ನೆರೆಹೊರೆ ಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಆದರೆ ಅದೇ ಮನೆಯವರು ಬಿಡಾರ ಎತ್ತಿದ ದಿನ ನಾನು ಅವರ ಜೊತೆಗಿದ್ದೆ. ಮನೆಯ ಅಜ್ಜಿ ಪೆಟ್ಟಿಗೆಯಿಂದ ರೇಷ್ಮೆಯ ನಿಲುವಂಗಿ ತೆಗೆದು ತೊಟ್ಟುಕೊಂಡರು, ಹಬ್ಬಕ್ಕೆ ಹೊರಟವರಂತೆ. ದಾರಿಯಲ್ಲಿದ್ದ ಗೆರ್‌ಗಳವರು ಹಾಲು ಹಾಕಿದ ಉಪ್ಪಿನ ಚಹಾ ತಂದು ಕೊಟ್ಟರು. ಬಿಡಾರ ಸಾಗಿಸುವವರನ್ನು ಬರಿಗಂಟಲಲ್ಲಿ ಮುಂದೆ ಬಿಡಬಾರದಂತೆ. ಮಕ್ಕಳು ಕುದುರೆಗಳ ಮೇಲೆ ಕೂಗುತ್ತ ಮುಂದೆ ಹೋದರು. ಬರೀ ಹುಲ್ಲಿನ ಲೆಕ್ಕಾಚಾರದಿಂದ ಹೊರಟವರ ಮುಖ ಹಾಗಿರುವುದಿಲ್ಲ. ನಾನು ನಮ್ಮ ವ್ಯಾನಿನ ಚಾಲಕರ ಮೂಲಕ ಅಜ್ಜಿಯನ್ನು ಕೇಳಿದೆ: “ಇಲ್ಲಿಯೇ ಹುಲ್ಲು ಸಾಕಷ್ಟಿದ್ದಿದ್ದರೆ ಇರುತ್ತಿದ್ದಿರಾ?” ಅವರು ಸ್ವಲ್ಪ ಹೊತ್ತು ಯೋಚಿಸಿ, “ಒಂದೇ ಕಡೆ ಕೂತರೆ ನೆಲಕ್ಕೆ ಬೇಜಾರಾಗುತ್ತದೆ” ಎಂದರು. ಈ ಉತ್ತರವನ್ನು ನಾನು ನನ್ನ ಕಡೆಗೂ ಎಳೆಯಬಲ್ಲೆ, ಚಾಟ್ವಿನ್‌ನ ಕಡೆಗೂ ಎಳೆಯಬಲ್ಲೆ. ತುಳಿದ ನೆಲಕ್ಕೆ ಬಿಡುವು ಬೇಕೆಂಬುದು ಅನುಭವದ ಮಾತು. ಆದರೆ ಹಾಗೆನ್ನುವಾಗ ಅವರ ಕಣ್ಣಿನಲ್ಲಿದ್ದ ಹುಮ್ಮಸ್ಸು ನೆಲದ್ದಾಗಿರಲಿಲ್ಲ.

ತೊಟ್ಟಿಲಿನ ಸಾಕ್ಷಿಯನ್ನೂ ನಾನು ಪೂರ್ತಿ ತಳ್ಳಿಹಾಕಲಾರೆ. ನಿದ್ದೆ ಬಾರದ ನನಗೆ ರೈಲಿನಲ್ಲಿ ಹಾಯಾಗಿ ನಿದ್ದೆ ಬರುತ್ತದೆ. ಆದರೆ ಚಲನೆ ತಾನಾಗಿಯೇ ಹಿತ ಎನ್ನುವುದಾದರೆ ನನ್ನ ಅಮ್ಮನ ವಿಷಯ ಹೇಳಬೇಕಾಗುತ್ತದೆ. ಅಪ್ಪನದು ವರ್ಗಾವಣೆಯ ನೌಕರಿ. ಆದೇಶ ಬಂದಾಗಲೆಲ್ಲ ನನಗೆ ಸಂಭ್ರಮ. ಹೊಸ ಊರು, ಹೊಸ ಶಾಲೆ. ಅಮ್ಮ ಮಾತಿಲ್ಲದೆ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದಳು. ಲಾರಿ ಒಂದೇ, ದಾರಿ ಒಂದೇ. ಅರ್ಖಾಂಗಾಯ್‌ನ ಅಜ್ಜಿಗೆ ದಾರಿಯುದ್ದಕ್ಕೂ ಚಹಾ ಕೊಡುವವರಿದ್ದರು, ಹೋಗುವ ಜಾಗ ಪರಿಚಯದ್ದಾಗಿತ್ತು. ಅಮ್ಮನಿಗೆ ಎರಡೂ ಇರಲಿಲ್ಲ. ಹಾಗಾದರೆ ಹಿತವಿದ್ದದ್ದು ಚಲನೆಯಲ್ಲೋ, ಜೊತೆಯವರಲ್ಲೋ?

ಜೊತೆಯವರಲ್ಲಿ ಎಂದು ಹೇಳಿ, ನೆಲದ ನಂಟೇ ಎಲ್ಲ ಎಂದು ವಾದ ಮುಗಿಸಬಹುದಿತ್ತು. ಆದರೆ ಮಂಗೋಲಿಯಾದಲ್ಲಿ ‘ಜುದ್’ ಎಂಬುದಿದೆ. ಬೇಸಿಗೆಯಲ್ಲಿ ಬರ ಬಿದ್ದು, ಚಳಿಗಾಲದಲ್ಲಿ ಹಿಮ ಆಳವಾಗಿ ಸುರಿದರೆ, ಇಲ್ಲವೇ ಕರಗಿ ಮತ್ತೆ ಮಂಜುಗಡ್ಡೆಯಾಗಿ ಹುಲ್ಲನ್ನು ಮುಚ್ಚಿದರೆ, ಪ್ರಾಣಿಗಳು ಮೇವಿನ ಮೇಲೆಯೇ ನಿಂತು ಹಸಿವಿನಿಂದ ಸಾಯುತ್ತವೆ. 2009-10ರ ಜುದ್‌ನಲ್ಲಿ ಒಂದು ಕೋಟಿಯಷ್ಟು ಜಾನುವಾರು ಸತ್ತವು. 2023-24ರಲ್ಲಿ 70 ಲಕ್ಷಕ್ಕಿಂತ ಹೆಚ್ಚು. ಅಂಥ ವರ್ಷ ತಲೆಮಾರಿನ ಹಿಕ್ಕೆಯ ಹಾಸಿಗೆ ಅಂಟಿಕೊಂಡು ಕೂತರೆ ಹಿಂಡು ಉಳಿಯುವುದು ಕಷ್ಟ. ಉಳಿಸಿಕೊಳ್ಳುವ ದಾರಿಯೆಂದರೆ ‘ಓತೋರ್’: ಮನೆಯ ಕೆಲವರು ಹಿಂಡಿನೊಂದಿಗೆ ದೂರದ, ಬೇರೆಯವರ ಸೀಮೆಗೆ ಹೊರಟುಬಿಡುವುದು. ಅಲ್ಲಿನವರಿಗೆ ತಮ್ಮ ಮೇವು ಹೋಗುತ್ತದೆಂಬ ಸಿಟ್ಟು; ಬಂದವರಿಗೆ ಬೇರೆ ಗತಿಯಿಲ್ಲ. ಅಂದರೆ ನಾನು ಇಷ್ಟು ಹೊತ್ತು ಎತ್ತಿಹಿಡಿದ ನೆಲದ ನಂಟನ್ನು ಕಡಿದುಕೊಳ್ಳುವ ಧೈರ್ಯವೂ ಈ ಬದುಕಿನ ಭಾಗವೇ. ಅಪರಿಚಿತ ಜಾಗಕ್ಕೆ ನಡೆದುಬಿಡುವ ಈ ಶಕ್ತಿಗೆ ಚಾಟ್ವಿನ್ ಕೊಟ್ಟ ಹೆಸರನ್ನು ನಾನು ಕೊಡುವುದಿಲ್ಲ, ಆದರೆ ಅವನು ಕಂಡದ್ದು ಬರೀ ತನ್ನ ನೆರಳನ್ನಲ್ಲ ಎಂದು ಒಪ್ಪಬೇಕಾಗುತ್ತದೆ. ಬೇರೂರಿದ ಅಲೆಮಾರಿ ಎಂಬ ನನ್ನ ಚಿತ್ರವೂ ನೆಲೆನಿಂತವನೊಬ್ಬ ತನ್ನ ಹಂಬಲಕ್ಕೆ ತಕ್ಕಂತೆ ಬಿಡಿಸಿಕೊಂಡದ್ದಿರಬಹುದು.

ನಮ್ಮ ವ್ಯಾನಿನ ಚಾಲಕರ ತಂದೆ ತಾಯಿ 2010ರ ವಸಂತದ ಹೊತ್ತಿಗೆ ಹಿಂಡು ಕಳೆದುಕೊಂಡು ಉಲಾನ್‌ಬಾತರ್‌ಗೆ ಬಂದವರು. ಮೂವತ್ತೈದು ಲಕ್ಷದಷ್ಟು ಜನರಿರುವ ದೇಶದ ಅರ್ಧಕ್ಕೆ ಹತ್ತಿರದ ಮಂದಿ ಈಗ ಆ ಒಂದೇ ನಗರದಲ್ಲಿದ್ದಾರೆ. ಸುತ್ತಲಿನ ಗುಡ್ಡಗಳ ಮೇಲೆ ಮರದ ಬೇಲಿಯೊಳಗೆ ಗೆರ್ ಹಾಕಿಕೊಂಡವರು ಲಕ್ಷಗಟ್ಟಲೆ. 2003ರಿಂದ ಜಾರಿಯಲ್ಲಿರುವ ಕಾನೂನಿನಂತೆ ರಾಜಧಾನಿಯಲ್ಲಿ ವಾಸಕ್ಕೆ 0.07 ಹೆಕ್ಟೇರ್‌ವರೆಗಿನ ಜಾಗವನ್ನು ಸ್ವಂತ ಮಾಡಿಕೊಳ್ಳಬಹುದು. ಚಾಟ್ವಿನ್‌ನ ಲೆಕ್ಕದಲ್ಲಿ ಇವರು ನೆಲೆನಿಂತು ಕುಗ್ಗಿದವರು. ನನ್ನ ಲೆಕ್ಕದಲ್ಲಿ ನೆಲೆ ಕಳೆದುಕೊಂಡವರು. ಚಾಲಕರು ಎರಡನ್ನೂ ಒಪ್ಪಲಿಲ್ಲ. “ನಾನು ಎಂಟನೇ ವಯಸ್ಸಿಗೆ ಶಾಲೆಯ ಹಾಸ್ಟೆಲ್ ಸೇರಿದೆ, ಮನೆ ಕಾಣುತ್ತಿದ್ದದ್ದು ರಜೆಯಲ್ಲಿ ಮಾತ್ರ. ನನ್ನ ಮಗಳು ದಿನಾ ಮನೆಗೆ ಬರುತ್ತಾಳೆ” ಎಂದರು. ಹಿಂಡಿನ ಜೊತೆ ಹೋಗುವ ಮನೆಗಳು ಮಕ್ಕಳನ್ನು ದೂರ ಇಡಬೇಕಾಗುತ್ತದೆ, ನಿಂತ ಮನೆ ಇಟ್ಟುಕೊಳ್ಳುತ್ತದೆ. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡೇ ಇರಲಿಲ್ಲ. ಊರಿಗೆ ಹಿಂದಿರುಗುವ ಮನಸ್ಸಿದೆಯೇ ಎಂದಾಗ, ಮಗಳ ಓದು ಮುಗಿಯಲಿ, ಆಮೇಲೆ ನೋಡೋಣ ಎಂದರು. ಬೇಸಿಗೆಯಲ್ಲಿ ತಂದೆಯನ್ನು ಅವರ ತೋಂತೋಗೆ ಕರೆದುಕೊಂಡು ಹೋಗಿ ಬರುತ್ತಾರಂತೆ.

ಪ್ರಯಾಣಿಕನ ಹಗುರ ಕುರಿಗಾರನ ಸ್ವಾತಂತ್ರ್ಯಕ್ಕೆ ಸಾಕ್ಷಿಯಾಗದು ಎಂಬ ಮಾತನ್ನು ನಾನು ಈಗಲೂ ಬಿಡುವುದಿಲ್ಲ. ಹುಲ್ಲುಗಾವಲಿಗೆ ಬೇಲಿ ಬೀಳಬಾರದು ಎನ್ನುವುದನ್ನೂ ಬಿಡುವುದಿಲ್ಲ. ಬೇಲಿ ಬಿದ್ದರೆ ಮುಂದಿನ ಜುದ್‌ನಲ್ಲಿ ಓತೋರ್ ಹೊರಟವರು ಎಲ್ಲಿಗೆ ಹೋಗಬೇಕು? ಆದರೆ ಚಾಲಕರ ಕೈಯಲ್ಲಿ 0.07 ಹೆಕ್ಟೇರಿನ ಒಂದು ಪತ್ರವಿದೆ. ಅದರಿಂದ ಅವರ ಮನೆತನಕ್ಕೆ ಏನು ಬಂತು, ಏನು ಹೋಯಿತು ಎಂದು ಯಾವ ಅಳತೆಯಿಂದ ಹೇಳಬೇಕು ಎಂಬುದು ನನಗೆ ತಿಳಿಯುತ್ತಿಲ್ಲ.